ಹಲ್ಲು ದೇಹದ ಅಂಗವಲ್ಲವೇ?

ಹಲ್ಲುನೋವಿನ ಮೇಲೆ ಸಂಪಾದಕೀಯ ಬರೆಯಬೇಕಾದಷ್ಟು ಈ ಜಿಲ್ಲೆಯಲ್ಲಿ ವಿಷಯಗಳಿಗೆ ಬರ ಬಂದಿದೆಯೇ ಎಂದು ಕೆಲವರು ಕೇಳಬಹುದು. ಕಬ್ಬಿನ ಬಾಕಿಯ ಪ್ರಶ್ನೆ ಇದೆ, ನಾಲೆಯ ನೀರಿನ ಸರದಿಯ ಪ್ರಶ್ನೆ ಇದೆ, ಭೂಮಿಯ ತಕರಾರುಗಳಿವೆ. ಅವನ್ನೆಲ್ಲ ನಾವು ಬರೆಯುತ್ತಲೇ ಬಂದಿದ್ದೇವೆ, ಮುಂದೆಯೂ ಬರೆಯುವೆವು. ಆದರೆ ರಾತ್ರಿಯೆಲ್ಲ ದವಡೆ ಹಿಡಿದು ಕುಳಿತವರಿಗೆ ಅವುಗಳಲ್ಲಿ ಒಂದೂ ನೆನಪಿಗೆ ಬರುವುದಿಲ್ಲ. ದುಡಿಯುವ ಜನರ ದೇಹಕ್ಕೆ ಬರುವ ನೋವುಗಳಲ್ಲಿ ಅತ್ಯಂತ ಸಾಮಾನ್ಯವಾದ ಈ ನೋವಿಗೆ ಸರ್ಕಾರದ ವಿಮೆಯ ಕಾರ್ಡು ಏಕೆ ನಡೆಯುವುದಿಲ್ಲ ಎಂಬುದು ರಾಜಕೀಯದ ಪ್ರಶ್ನೆಯೇ ಹೌದು.

ಮಂಡ್ಯ ತಾಲ್ಲೂಕಿನ ಕೆರಗೋಡು ಹೋಬಳಿಯ ಯಾವುದಾದರೊಂದು ಹಳ್ಳಿಯಲ್ಲಿ, ಗದ್ದೆಯ ಕಳೆ ತೆಗೆಯುವ ಕೂಲಿ ಹೆಂಗಸೊಬ್ಬಳಿಗೆ ಹಲ್ಲುನೋವು ಬಂದಿತೆಂದು ಇಟ್ಟುಕೊಳ್ಳೋಣ. ಹೆಸರು ಬೇಡ, ಇಂಥವರು ಓದುಗರಿಗೆ ಪ್ರತಿ ಬೀದಿಯಲ್ಲೂ ಪರಿಚಿತರು. ಮೊದಲ ವಾರ ಆಕೆ ಲವಂಗ ಕಚ್ಚಿಕೊಳ್ಳುತ್ತಾಳೆ. ಎರಡನೆಯ ವಾರ ಅಂಗಡಿಯ ನೋವಿನ ಮಾತ್ರೆ ನುಂಗುತ್ತಾಳೆ. ಮೂರನೆಯ ವಾರ ಕೆನ್ನೆ ಊದಿದಾಗ ಒಂದು ದಿನದ ಕೂಲಿ ಬಿಟ್ಟು ಮಂಡ್ಯದ ಬಸ್ಸು ಹತ್ತುತ್ತಾಳೆ. ೨೦೨೩ರ ಜೂನ್ ೧೧ರಂದು ಶಕ್ತಿ ಯೋಜನೆ ಬಂದುದರಿಂದ ಸರ್ಕಾರಿ ಬಸ್ಸಿನ ಖರ್ಚು ಆಕೆಗೆ ಉಳಿಯಿತು. ಅಷ್ಟರಮಟ್ಟಿಗೆ ಒಳ್ಳೆಯದೇ ಆಯಿತು. ಜೋಪಾನವಾಗಿ ಇಟ್ಟುಕೊಂಡು ಬಂದ ಆಯುಷ್ಮಾನ್ ಕಾರ್ಡನ್ನು ದಂತ ಚಿಕಿತ್ಸಾಲಯದ ಮೇಜಿನ ಮೇಲಿಟ್ಟರೆ, "ಇದು ಹಲ್ಲಿಗೆ ನಡೆಯಲ್ಲ ಕಣಮ್ಮ" ಎಂಬ ಉತ್ತರ ಬರುತ್ತದೆ. ಹಣ ಕಟ್ಟಿ ಒಳಗೆ ಹೋದರೆ ಮೊದಲು ಎಕ್ಸ್‌ರೇ. ಬಳಿಕ ಊತ ಇಳಿಯಲೆಂದು ಕೆಲವು ದಿನದ ಮಾತ್ರೆ. ಆಮೇಲೆ ಬೇರಿನ ಚಿಕಿತ್ಸೆಗೆ ಎರಡು ಮೂರು ಸಲ ಬರಬೇಕು, ಕೊನೆಗೆ ಕ್ಯಾಪ್ ಹಾಕಿಸಬೇಕು ಎಂಬ ವಿವರಣೆ. ಎಷ್ಟಾಗುತ್ತದೆ ಎಂದು ಕೇಳಿ ತಿಳಿದ ಮೇಲೆ ಆಕೆ ಆಡುವ ಮಾತು ಒಂದೇ: "ಹಂಗಾರೆ ಕಿತ್ತಾಕ್ಬುಡಿ ಸ್ವಾಮಿ."

ಉಳಿಸಬಹುದಾಗಿದ್ದ ಹಲ್ಲು ಹೀಗೆ ಹೋಗುತ್ತದೆ. ಅದನ್ನು ಕಿತ್ತದ್ದು ವೈದ್ಯರ ಇಕ್ಕಳವೆಂದು ಕಂಡರೂ, ನಿಜವಾಗಿ ಕಿತ್ತದ್ದು ಬಡತನ. ಹೀಗೆ ಒಂದೊಂದಾಗಿ ಹಲ್ಲು ಕಳೆದುಕೊಂಡವರು ನಲವತ್ತು ನಲವತ್ತೈದು ವರ್ಷಕ್ಕೇ ಮುದ್ದೆಯನ್ನು ನುಂಗುವುದೇ ವಿನಾ ಬೇರೇನನ್ನೂ ಅಗಿಯಲಾರದವರಾಗುತ್ತಾರೆ. ಕಾಳು, ಕಡಲೆ, ಮಾಂಸ, ಹಸಿ ತರಕಾರಿ ಎಲ್ಲವೂ ತಟ್ಟೆಯಿಂದ ದೂರವಾಗುತ್ತವೆ. ಹಲ್ಲು ಹೋಯಿತೆಂದರೆ ಬರಿಯ ಮುಖದ ಅಂದ ಹೋಯಿತೆಂದಲ್ಲ, ಊಟದ ಒಂದು ಪಾಲೇ ಹೋಯಿತೆಂದು ಅರ್ಥ.

ಖರ್ಚನ್ನು ರೂಪಾಯಿಯಲ್ಲಿ ಮಾತ್ರ ಹೇಳಿದರೆ ಅದರ ಭಾರ ತಿಳಿಯುವುದಿಲ್ಲ. ೧೯೬೩ರಲ್ಲಿ ರಾಮಮನೋಹರ ಲೋಹಿಯಾ ಅವರು ಲೋಕಸಭೆಯಲ್ಲಿ ಬಡವನ ದಿನದ ಮೂರಾಣೆಯ ಲೆಕ್ಕವನ್ನು ಮುಂದಿಟ್ಟಂದಿನಿಂದ, ಯಾವ ವೆಚ್ಚವನ್ನೂ ಕೂಲಿಯ ದಿನಗಳಲ್ಲಿ ಅಳೆಯಬೇಕೆಂಬುದನ್ನು ಸಮಾಜವಾದಿಗಳು ಕಲಿತಿದ್ದಾರೆ. ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ ೨೦೨೫-೨೬ನೇ ಸಾಲಿಗೆ ೩೭೦ ರೂಪಾಯಿ ಎಂದು ನಿಗದಿಯಾಗಿತ್ತು. ಒಂದು ಹಲ್ಲಿನ ಬೇರಿನ ಚಿಕಿತ್ಸೆ ಮತ್ತು ಕ್ಯಾಪು ಎರಡೂ ಸೇರಿ ೫,೦೦೦ ರೂಪಾಯಿ ಎಂದು ಹಿಡಿದರೂ ಅದು ೧೪ ದಿನದ ಕೂಲಿ. ಚಿಕಿತ್ಸೆಗೆ ಓಡಾಡುವ ನಾಲ್ಕು ದಿನ ಸೇರಿಸಿದರೆ ೧೮ ದಿನ. ಒಂದು ಹಲ್ಲಿಗೆ ಅರ್ಧ ತಿಂಗಳಿಗೂ ಮೀರಿದ ದುಡಿಮೆ! ಬಾಯಲ್ಲಿ ಹುಳುಕು ಒಂದೇ ಹಲ್ಲಿಗೆ ನಿಲ್ಲುವುದೂ ಇಲ್ಲ.

ಇನ್ನು ಕಾರ್ಡಿನ ನಿಯಮವನ್ನು ನೋಡೋಣ. ಕರ್ನಾಟಕ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆ ೨೦೧೮ರ ಮಾರ್ಚಿಯಲ್ಲಿ ಬಂದಿತು. ಕೇಂದ್ರದ ಆಯುಷ್ಮಾನ್ ಭಾರತ ಅದೇ ವರ್ಷ ಸೆಪ್ಟೆಂಬರ್ ೨೩ರಂದು ಬಂದಿತು. ಅಕ್ಟೋಬರಿನಲ್ಲಿ ಎರಡನ್ನೂ ನಮ್ಮ ರಾಜ್ಯದಲ್ಲಿ ಒಂದುಗೂಡಿಸಿದರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಯ ತನಕ ಚಿಕಿತ್ಸೆ ಎಂಬುದು ಅದರ ವಾಗ್ದಾನ. ಹೃದಯದ ಶಸ್ತ್ರಕ್ರಿಯೆ, ಕ್ಯಾನ್ಸರಿನ ಚಿಕಿತ್ಸೆಗಳನ್ನು ಇದರಿಂದ ಪಡೆದ ಕುಟುಂಬಗಳು ಈ ಜಿಲ್ಲೆಯಲ್ಲೂ ಇವೆ. ಆ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆಯುಷ್ಮಾನ್ ಭಾರತದ ಹೊರಗಿಟ್ಟ ಪಟ್ಟಿಯಲ್ಲಿ ಹಲ್ಲಿನ ಕುಳಿ ತುಂಬುವುದು, ಬೇರಿನ ಚಿಕಿತ್ಸೆ, ಸವೆತ ಇವೆಲ್ಲ ಸೌಂದರ್ಯದ ಚಿಕಿತ್ಸೆಯ ಜೊತೆಯಲ್ಲೇ ಒಂದೇ ಸಾಲಿನಲ್ಲಿ ಕುಳಿತಿವೆ. ರೋಗದಿಂದಲೋ ಪೆಟ್ಟಿನಿಂದಲೋ ಆಸ್ಪತ್ರೆಗೆ ಸೇರಲೇಬೇಕಾದ ಸ್ಥಿತಿ ಬಂದರೆ ಮಾತ್ರ ಹಲ್ಲಿಗೆ ಒಳಗೆ ಪ್ರವೇಶ. ಕಳೆ ಕೀಳುವವಳ ಹುಳುಕು ಹಲ್ಲೂ ಚಿತ್ರನಟಿಯ ನಗೆಯ ಮೆರುಗೂ ಆಳರಸರ ದಫ್ತರಿನಲ್ಲಿ ಒಂದೇ ಜಾತಿಗೆ ಸೇರಿವೆ!

ಸಹಕಾರ ಸಂಘಗಳ ಸದಸ್ಯರಿಗಾಗಿ ೨೦೦೩ರ ಜೂನ್‌ನಲ್ಲಿ ಜಾರಿಗೆ ಬಂದ ಯಶಸ್ವಿನಿಯ ಕಥೆಯೂ ಬೇರೆಯಾಗಿರಲಿಲ್ಲ. ತಲಾ ವರ್ಷಕ್ಕೆ ೬೦ ರೂಪಾಯಿಯಿಂದ ಆರಂಭವಾದ ಆ ಯೋಜನೆಯನ್ನು ರೈತರು ತಮ್ಮದೆಂದು ಭಾವಿಸಿದ್ದರು. ಅದರಲ್ಲೂ ದಂತ ಶಸ್ತ್ರಕ್ರಿಯೆಯನ್ನು ಹೊರಗಿಟ್ಟಿದ್ದರು. ೨೦೧೮ರಲ್ಲಿ ಅದನ್ನು ನಿಲ್ಲಿಸಿದರು. ೨೦೨೩ರ ಜನವರಿಯಿಂದ ಮತ್ತೆ ಆರಂಭಿಸಿದರು. ಯೋಜನೆಗಳು ಬಂದವು, ಹೋದವು, ಹೆಸರು ಬದಲಾದವು. ಆದರೆ ಹಳ್ಳಿಯವರ ಹಲ್ಲಿನ ಖರ್ಚು ಹಳ್ಳಿಯವರ ಜೇಬಿನಲ್ಲೇ ಉಳಿಯಿತು. ೨೦೨೫ರ ಸೆಪ್ಟೆಂಬರ್ ೨೨ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿನ ಶೇಕಡ ೧೮ರ ಜಿಎಸ್‌ಟಿ ತೆರಿಗೆಯನ್ನು ತೆಗೆದುಹಾಕಿದರು. ಟೂತ್‌ಪೇಸ್ಟಿನ ಮೇಲಿನ ತೆರಿಗೆಯನ್ನು ೧೮ರಿಂದ ೫ಕ್ಕೆ ಇಳಿಸಿದರು. ಇಳಿಸಿದ್ದು ಸರಿಯೇ. ಆದರೆ ಪಾಲಿಸಿಯನ್ನೇ ಕೊಳ್ಳಲಾರದವರಿಗೆ ಕಂತಿನ ತೆರಿಗೆ ಹೋದರೆಷ್ಟು, ಉಳಿದರೆಷ್ಟು?

ಹಲ್ಲಿನ ಚಿಕಿತ್ಸೆಯನ್ನು ಯೋಜನೆಯೊಳಗೆ ತರುವುದು ಅಸಾಧ್ಯವೆಂದು ಅಧಿಕಾರಿಗಳು ಹೇಳುವಂತಿಲ್ಲ. ಕೇಂದ್ರ ಸರ್ಕಾರದ ನೌಕರರಿಗೆ ೧೯೫೪ರಲ್ಲಿ ದೆಹಲಿಯಲ್ಲಿ ಆರಂಭಿಸಿದ ಆರೋಗ್ಯ ಯೋಜನೆಯ ದರಪಟ್ಟಿಯಲ್ಲಿ ಹಲ್ಲು ಕೀಳುವುದಕ್ಕೂ ದರವಿದೆ, ಬೇರಿನ ಚಿಕಿತ್ಸೆಗೂ ದರವಿದೆ. ೧೯೪೮ರ ಕಾಯಿದೆಯ ಇಎಸ್ಐ ಯೋಜನೆಯಲ್ಲಿ ಕಾರ್ಖಾನೆಯ ಕಾರ್ಮಿಕರಿಗೆ ಹೊರರೋಗಿ ಚಿಕಿತ್ಸೆಯೂ ಇದೆ, ಹಲ್ಲಿನ ಚಿಕಿತ್ಸೆಯೂ ಇದೆ. ಅದಕ್ಕೆ ೨೦೧೭ರ ಜನವರಿಯಲ್ಲಿ ತಿಂಗಳಿಗೆ ೨೧,೦೦೦ ರೂಪಾಯಿಯ ವೇತನ ಮಿತಿಯನ್ನು ಗೊತ್ತುಮಾಡಿದರು. ಆದರೆ ಕಬ್ಬು ಕಡಿಯುವವರು, ನಾಟಿ ಹಾಕುವವರು, ಆಲೆಮನೆಯಲ್ಲಿ ಬೆಂಕಿಯ ಮುಂದೆ ನಿಲ್ಲುವವರು ಅದರ ಹೊರಗಿದ್ದಾರೆ. ಗುಮಾಸ್ತರ ಹಲ್ಲು ದೇಹದ ಅಂಗ, ಕೂಲಿಯವರ ಹಲ್ಲು ಅಲಂಕಾರದ ವಸ್ತು ಎಂಬುದು ಯಾವ ವೈದ್ಯಶಾಸ್ತ್ರದ ಮಾತು? ನೌಕರರಿಗೆ ಸಿಕ್ಕಿದ್ದನ್ನು ಕಿತ್ತುಕೊಳ್ಳಿ ಎಂದು ನಾವು ಹೇಳುತ್ತಿಲ್ಲ. ಅದು ನ್ಯಾಯವಾಗಿಯೇ ಸಿಕ್ಕಿದೆ. ಅದೇ ನ್ಯಾಯ ಗದ್ದೆಗೂ ಇಳಿಯಲಿ ಎನ್ನುತ್ತೇವೆ.

ವಿಮೆಯ ಪರವಾಗಿ ವಾದಿಸುವವರು ಒಂದು ಮಾತನ್ನು ಹೇಳುತ್ತಾರೆ. ವಿಮೆ ಇರುವುದು ಅಪರೂಪಕ್ಕೆ ಬರುವ ದೊಡ್ಡ ನಷ್ಟಕ್ಕೆ. ನೂರು ಮಂದಿ ಕಂತು ಕಟ್ಟಿದರೆ ಇಬ್ಬರು ಮೂವರಿಗೆ ಅದರ ಅಗತ್ಯ ಬೀಳಬೇಕು. ಹಲ್ಲು ಎಲ್ಲರಿಗೂ ಕೆಡುತ್ತದಾದ್ದರಿಂದ ಅದಕ್ಕೆ ವಿಮೆ ಕೊಟ್ಟರೆ ಲೆಕ್ಕ ಕೂಡುವುದಿಲ್ಲ ಎಂಬುದು ಅವರ ವಾದ. ಈ ವಾದವನ್ನು ನಾವು ಒಪ್ಪುತ್ತೇವೆ. ಒಪ್ಪಿದರೆ ಬರುವ ನಿರ್ಣಯ ಯಾವುದು? ಎಲ್ಲರಿಗೂ ಬರುವ, ಪದೇ ಪದೇ ಬರುವ, ಆರಂಭದಲ್ಲೇ ನೋಡಿಕೊಂಡರೆ ಕಡಿಮೆ ಖರ್ಚಿನಲ್ಲಿ ವಾಸಿಯಾಗುವ ತೊಂದರೆಗೆ ತಕ್ಕದ್ದು ವಿಮೆಯಲ್ಲ. ಕುಡಿಯುವ ನೀರಿನಂತೆ, ಶಾಲೆಯಂತೆ, ಸಾರ್ವಜನಿಕರ ದುಡ್ಡಿನಲ್ಲಿ ಊರ ಹತ್ತಿರವೇ ನಡೆಯುವ ಸೇವೆ. ವಿಮೆಗೆ ಒಗ್ಗುವುದಿಲ್ಲ ಎಂದವರು ಆಸ್ಪತ್ರೆಯನ್ನಾದರೂ ಕೊಡಬೇಕಿತ್ತು. ಅವರು ಎರಡನ್ನೂ ಕೊಡದೆ ಕೈತೊಳೆದುಕೊಂಡರು. ನಮ್ಮ ಆಕ್ಷೇಪಣೆ ಇರುವುದು ಇಲ್ಲಿ.

ಈ ಕೈತೊಳೆದಾಟದಿಂದ ಬೊಕ್ಕಸಕ್ಕಾದರೂ ಲಾಭವಿದೆಯೇ? ಅದೂ ಸಂದೇಹ. ಹುಳುಕನ್ನು ಆರಂಭದಲ್ಲಿ ತುಂಬಿಸಿದರೆ ಅರ್ಧ ಗಂಟೆಯ ಕೆಲಸ. ಬಿಟ್ಟರೆ ಅದು ಬೇರಿಗೆ ಇಳಿದು ಕೀವಾಗುತ್ತದೆ. ಕೀವು ದವಡೆಯ ಅಡಿಗೆ ಹರಡಿ, ಕುತ್ತಿಗೆ ಊದಿ, ಉಸಿರು ಕಟ್ಟಿ ಪ್ರಾಣಕ್ಕೇ ಅಪಾಯವಾಗುವ ಸಂದರ್ಭಗಳೂ ಉಂಟು. ಆಗ ರೋಗಿ ಮಂಚ ಹಿಡಿಯುತ್ತಾನೆ, ಆಗ ಕಾರ್ಡು ನಡೆಯುತ್ತದೆ, ಆಗ ಸರ್ಕಾರ ಹತ್ತರ ಬದಲು ಸಾವಿರ ತೆರುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಒಸಡಿನ ರೋಗ ಹೆಚ್ಚು. ಒಸಡಿನ ರೋಗ ಇದ್ದರೆ ಸಕ್ಕರೆಯ ಅಂಶ ಹತೋಟಿಗೆ ಬರುವುದು ಕಷ್ಟ. ಎಲೆ ಅಡಿಕೆಗೆ ಹೊಗೆಸೊಪ್ಪು ಬೆರೆಸಿ ಮೆಲ್ಲುವ ನಮ್ಮ ಹಳ್ಳಿಗಳಲ್ಲಿ ಬಾಯಿಯ ಕ್ಯಾನ್ಸರಿನ ಮೊದಲ ಗುರುತು ಕಾಣುವುದು ದಂತ ವೈದ್ಯರ ಕಣ್ಣಿಗೆ. ೨೦೧೩ರಲ್ಲಿ ಈ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ಬಾಯಿ ತೆರೆಸಿ ನೋಡುವ ವೈದ್ಯರೇ ಹತ್ತಿರದಲ್ಲಿಲ್ಲದಿದ್ದರೆ ಬಿಳಿ ಮಚ್ಚೆ ಹುಣ್ಣಾಗಿ, ಹುಣ್ಣು ಗಡ್ಡೆಯಾಗಿ, ೫ ಲಕ್ಷದ ಕಾರ್ಡಿನ ಬಾಗಿಲು ತೆರೆಯುವ ತನಕ ಕಾಯಬೇಕಾಗುತ್ತದೆ.

ಇದೇ ವಕ್ರಬುದ್ಧಿಯ ಇನ್ನೊಂದು ಮಾದರಿ ದಂತಭಾಗ್ಯ ಯೋಜನೆ. ೨೦೧೪-೧೫ರ ಸುಮಾರಿಗೆ ರಾಜ್ಯ ಸರ್ಕಾರ ಬಿಪಿಎಲ್ ಕುಟುಂಬಗಳ ವೃದ್ಧರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡಿಸುವ ಏರ್ಪಾಡು ಮಾಡಿತು. ಮೊದಲು ೬೦ ದಾಟಿದವರಿಗೆ ಎಂದಿದ್ದು, ಬಳಿಕ ವಯಸ್ಸನ್ನು ೪೫ಕ್ಕೆ ಇಳಿಸಿದರು. ಬೊಚ್ಚುಬಾಯಿಯ ಮುದುಕರಿಗೆ ಅದು ದೊಡ್ಡ ಉಪಕಾರವೇ. ಆದರೆ ವಯಸ್ಸನ್ನು ೪೫ಕ್ಕೆ ಇಳಿಸಬೇಕಾಗಿ ಬಂದದ್ದೇ ಒಂದು ತಪ್ಪೊಪ್ಪಿಗೆಯಲ್ಲವೇ? ನಡುವಯಸ್ಸಿಗೇ ಬಡವರ ಬಾಯಿ ಬರಿದಾಗುತ್ತಿದೆ ಎಂಬುದು ಸರ್ಕಾರಕ್ಕೆ ಗೊತ್ತಿದೆ. ಗೊತ್ತಿದ್ದೂ, ಇರುವ ಹಲ್ಲನ್ನು ಉಳಿಸಲು ಕಾರ್ಡಿಲ್ಲ, ಎಲ್ಲ ಉದುರಿದ ಮೇಲೆ ಕಟ್ಟಿಸಿಕೊಡಲು ಯೋಜನೆಯಿದೆ! ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ನಮ್ಮ ಹಿರಿಯರು ವಿಧಿಯನ್ನು ಕುರಿತು ಆಡಿದ್ದರು. ಇಂದು ಅದು ಸರ್ಕಾರದ ಆಜ್ಞೆಗಳಿಗೆ ಒಪ್ಪುತ್ತಿದೆ.

ಮಂಡ್ಯವನ್ನು ಸಕ್ಕರೆಯ ನಾಡೆಂದು ಹೊಗಳುವುದುಂಟು. ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪನಿ ಇಲ್ಲಿ ಸ್ಥಾಪನೆಯಾದಂದಿನಿಂದ ಈ ಜಿಲ್ಲೆಯ ಕಬ್ಬು ನಾಡಿನ ಬಾಯಿ ಸಿಹಿ ಮಾಡಿದೆ. ಹಲ್ಲು ಹುಳುಕಾಗುವುದಕ್ಕೆ ಮುಖ್ಯ ಕಾರಣ ಸಕ್ಕರೆಯೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ರಪಂಚದಲ್ಲಿ ಸುಮಾರು ೩೫೦ ಕೋಟಿ ಜನ ಬಾಯಿಯ ರೋಗಗಳಿಂದ ನರಳುತ್ತಿದ್ದಾರೆಂದು ೨೦೨೨ರ ಅದರ ವರದಿ ತಿಳಿಸಿತು. ಪೇಟೆಯ ಬಿಸ್ಕತ್ತು, ಮಿಠಾಯಿ, ಬಣ್ಣದ ನೀರು ಇಂದು ಹಳ್ಳಿಯ ಕೊನೆಯ ಅಂಗಡಿಗೂ ತಲಪಿವೆ. ಸಿಹಿ ಕೊನೆಯ ಅಂಗಡಿಯ ತನಕ ತಲಪಿದೆ. ಚಿಕಿತ್ಸೆ ಮಾತ್ರ ತಾಲ್ಲೂಕು ಕೇಂದ್ರದಲ್ಲೇ ನಿಂತಿದೆ.

ಸಮಾಜವಾದಿಗಳಿಗೆ ಹಲ್ಲಿನ ಪ್ರಶ್ನೆ ಹೊಸದಲ್ಲ. ಬ್ರಿಟನ್ನಿನಲ್ಲಿ ಲೇಬರ್ ಸರ್ಕಾರವು ೧೯೪೮ರ ಜುಲೈ ೫ರಂದು ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿದಾಗ ವೈದ್ಯರು, ಔಷಧಿ, ಕನ್ನಡಕ, ಹಲ್ಲಿನ ಸೆಟ್ಟು ಎಲ್ಲವೂ ಉಚಿತವಾಗಿದ್ದವು. ಅದನ್ನು ಕಟ್ಟಿದ ಸಚಿವ ಅನೈರಿನ್ ಬೆವನ್ ವೇಲ್ಸಿನ ಗಣಿ ಕಾರ್ಮಿಕನ ಮಗ. ತಾನೂ ಹುಡುಗನಾಗಿದ್ದಾಗಲೇ ಕಲ್ಲಿದ್ದಲ ಗಣಿಗೆ ಇಳಿದವನು. ೧೯೫೧ರಲ್ಲಿ ಸೈನ್ಯದ ವೆಚ್ಚವನ್ನು ಏರಿಸಿ, ಅದನ್ನು ಸರಿದೂಗಿಸಲು ಹಲ್ಲಿನ ಸೆಟ್ಟು ಮತ್ತು ಕನ್ನಡಕದ ಅರ್ಧ ಬೆಲೆಯನ್ನು ರೋಗಿಯಿಂದ ವಸೂಲು ಮಾಡಬೇಕೆಂದು ತನ್ನದೇ ಪಕ್ಷದ ಹಣಕಾಸಿನ ಸಚಿವರು ಆಯವ್ಯಯದಲ್ಲಿ ಹೇಳಿದಾಗ, ಬೆವನ್ ಆ ಏಪ್ರಿಲ್ ತಿಂಗಳಲ್ಲೇ ಮಂತ್ರಿಪದವಿಯನ್ನು ಬಿಟ್ಟು ಹೊರಬಂದ. ಹಲ್ಲಿನ ಸೆಟ್ಟಿಗಾಗಿ ಕುರ್ಚಿ ಬಿಟ್ಟನಲ್ಲ ಎಂದು ಅಂದು ನಕ್ಕವರಿದ್ದರು. ಒಂದು ಅಂಗಕ್ಕೆ ಬೆಲೆಚೀಟಿ ಅಂಟಿಸಿದರೆ ಉಳಿದ ಅಂಗಗಳಿಗೂ ಸರದಿ ಬರುತ್ತದೆ ಎಂಬುದನ್ನು ಆತ ಕಂಡಿದ್ದ. ಮರುವರ್ಷವೇ, ಬೇರೆ ಪಕ್ಷದ ಸರ್ಕಾರ ಔಷಧದ ಚೀಟಿಗೂ ಒಂದು ಶಿಲ್ಲಿಂಗ್ ಹಾಕಿತು. ಎಪ್ಪತ್ತು ವರ್ಷ ಕಳೆದು, ೨೦೨೪ರ ಫೆಬ್ರವರಿಯಲ್ಲಿ ಬ್ರಿಸ್ಟಲ್ ನಗರದಲ್ಲಿ ಸರ್ಕಾರಿ ದರದ ಒಂದು ದಂತ ಚಿಕಿತ್ಸಾಲಯ ತೆರೆದಾಗ ಹೆಸರು ಬರೆಸಲು ಜನ ಬೀದಿಯುದ್ದಕ್ಕೂ ಸಾಲು ನಿಂತರು. ಹಕ್ಕನ್ನು ಒಂದು ಸಲ ಪಡೆದರೆ ಸಾಲದು, ಕಾಯ್ದುಕೊಳ್ಳಬೇಕು ಎಂಬುದೇ ಇದರ ಪಾಠ. ಕೆನಡಾದ ಆರೋಗ್ಯ ವಿಮೆಯೂ ಬಹುಕಾಲ ಹಲ್ಲನ್ನು ಹೊರಗಿಟ್ಟಿತ್ತು. ಎಡಪಂಥದ ಪಕ್ಷವೊಂದರ ಒತ್ತಾಯದಿಂದ ಅಲ್ಲಿ ೨೦೨೩ರ ಕೊನೆಯಲ್ಲಿ ದಂತ ಯೋಜನೆ ಬಂದಿತು. ಒತ್ತಾಯವಿಲ್ಲದೆ ಯಾವ ಸರ್ಕಾರವೂ ಬಡವರ ಬಾಯಿಯೊಳಗೆ ಇಣುಕಿ ನೋಡಿಲ್ಲ.

ನಮ್ಮಲ್ಲಿ ವೈದ್ಯರಿಗೆ ಕೊರತೆಯೇ? ಇಲ್ಲ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ೧೯೫೮ರಷ್ಟು ಹಿಂದಿನದು. ದೇಶದಲ್ಲಿ ಇಂದು ದಂತ ಕಾಲೇಜುಗಳು ೩೦೦ಕ್ಕೂ ಮೀರಿವೆ, ಅವುಗಳಲ್ಲಿ ಬಹುಪಾಲು ಖಾಸಗಿಯವು. ಲಕ್ಷಗಟ್ಟಲೆ ಶುಲ್ಕ ತೆತ್ತು ಓದಿ ಹೊರಬಂದ ತರುಣ ತರುಣಿಯರು ಸಾಲ ಮಾಡಿ ಪೇಟೆಯಲ್ಲಿ ಮಳಿಗೆ ಹಿಡಿದು, ಕುರ್ಚಿ ಯಂತ್ರಗಳನ್ನು ಕೊಂಡು ಕೂರುತ್ತಾರೆ. ಬಾಡಿಗೆಯೂ ಸಾಲದ ಬಡ್ಡಿಯೂ ರೋಗಿಯ ಬಿಲ್ಲಿಗೆ ಸೇರುತ್ತವೆ. ಅವರನ್ನು ದೂರಿ ಪ್ರಯೋಜನವಿಲ್ಲ; ಅವರೂ ಇದೇ ವ್ಯವಸ್ಥೆಯ ಗಾಣಕ್ಕೆ ಸಿಕ್ಕವರು. ಒಂದು ಕಡೆ ಕೆಲಸವಿಲ್ಲದ ದಂತ ವೈದ್ಯರು, ಇನ್ನೊಂದು ಕಡೆ ವೈದ್ಯರಿಲ್ಲದ ಹಲ್ಲುನೋವು. ಇವೆರಡನ್ನೂ ಕೂಡಿಸಲು ಬೇಕಾದದ್ದು ಹೋಬಳಿಗೊಂದು ಹುದ್ದೆ, ಒಂದು ಕುರ್ಚಿ, ಒಂದು ಎಕ್ಸ್‌ರೇ ಯಂತ್ರ, ಒಬ್ಬ ಸಹಾಯಕಿ. ಸಮುದಾಯ ಆರೋಗ್ಯ ಕೇಂದ್ರಕ್ಕೆ ದಂತ ವೈದ್ಯರು ಇರಬೇಕೆಂದು ಕೇಂದ್ರದ ಮಾದರಿ ನಿಯಮವೇ ಹೇಳುತ್ತದೆ. ಉಪಕೇಂದ್ರಗಳಿಗೆ ಆಯುಷ್ಮಾನ್ ಆರೋಗ್ಯ ಮಂದಿರವೆಂದು ಹೊಸ ಬೋರ್ಡು ಬರೆಸಿದಾಗ ಅಲ್ಲಿ ಕೊಡಬೇಕಾದ ಹನ್ನೆರಡು ಬಗೆಯ ಸೇವೆಗಳಲ್ಲಿ ಬಾಯಿಯ ಆರೋಗ್ಯವನ್ನೂ ಸೇರಿಸಿದ್ದಾರೆ. ಕಾಗದದ ಮೇಲಿನ ಈ ಸೇವೆ ಕೆರಗೋಡಿಗೆ, ಬಸರಾಳಿಗೆ, ದುದ್ದಕ್ಕೆ, ಕೊತ್ತತ್ತಿಗೆ, ಮದ್ದೂರು ತಾಲ್ಲೂಕಿನ ಕೊಪ್ಪ, ಆತಗೂರು, ಚಿಕ್ಕರಸಿನಕೆರೆಗಳಿಗೆ, ಮಳವಳ್ಳಿ ತಾಲ್ಲೂಕಿನ ಹಲಗೂರು, ಕಿರುಗಾವಲುಗಳಿಗೆ ಮುಟ್ಟಬೇಕು.

೨೦೨೪ರ ಜನವರಿಯಲ್ಲಿ ಕೆರಗೋಡಿನ ಹೆಸರು ನಾಡಿನ ಎಲ್ಲ ಪತ್ರಿಕೆಗಳ ಮೊದಲ ಪುಟದಲ್ಲಿ ಬಂದುದು ಓದುಗರಿಗೆ ನೆನಪಿದೆ. ೧೦೮ ಅಡಿಯ ಕಂಬದ ಮೇಲೆ ಯಾವ ಧ್ವಜ ಹಾರಬೇಕೆಂಬ ವಿವಾದಕ್ಕೆ ಮುಖಂಡರು ಬಂದರು, ಪೊಲೀಸರು ಬಂದರು, ಮೆರವಣಿಗೆಗಳು ನಡೆದವು. ಆ ವಿವಾದದ ಗುಣದೋಷಗಳನ್ನು ಮತ್ತೆ ಕೆದಕುವುದು ಇಲ್ಲಿ ನಮ್ಮ ಉದ್ದೇಶವಲ್ಲ. ನಾವು ಕೇಳುವುದು ಇಷ್ಟೇ: ಕಂಬದ ತುದಿಯನ್ನು ನೋಡಲು ಅಷ್ಟು ದೂರದಿಂದ ಬಂದವರಲ್ಲಿ ಒಬ್ಬರಾದರೂ ಕೆಳಗೆ ನಿಂತಿದ್ದವರ ಊದಿದ ಕೆನ್ನೆಯನ್ನು ಕಂಡರೇ? ೧೯೩೮ರಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧವನ್ನು ಧಿಕ್ಕರಿಸಿ ಧ್ವಜ ಏರಿಸಿದ ಜನರ ಜಿಲ್ಲೆ ಇದು. ಅಂದು ಆ ಧ್ವಜ ನಾಳೆಯ ಒಳ್ಳೆಯ ಬದುಕಿಗೆ ಗುರುತಾಗಿತ್ತು. ಆ ಒಳ್ಳೆಯ ಬದುಕಿನಲ್ಲಿ ಹಲ್ಲುನೋವಿಗೆ ಮದ್ದು ಸೇರಿರಲಿಲ್ಲವೆಂದು ಯಾರೂ ಹೇಳಲಾರರು.

ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಒಂದು: ಹೋಬಳಿ ಕೇಂದ್ರದ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ದಂತ ವೈದ್ಯರ ಹುದ್ದೆಯನ್ನು ಮಂಜೂರು ಮಾಡಿ ಭರ್ತಿ ಮಾಡಬೇಕು. ಕೀಳುವುದಕ್ಕೆ ಮಾತ್ರವಲ್ಲದೆ ತುಂಬುವುದಕ್ಕೂ ಬೇರಿನ ಚಿಕಿತ್ಸೆಗೂ ಬೇಕಾದ ಸಾಮಗ್ರಿಯನ್ನು ಒದಗಿಸಬೇಕು. ಎರಡು: ಅದು ಆಗುವ ತನಕ ಆಯುಷ್ಮಾನ್ ಮತ್ತು ಯಶಸ್ವಿನಿ ಕಾರ್ಡುಗಳು ಹಲ್ಲು ತುಂಬಿಸುವುದಕ್ಕೂ ಬೇರಿನ ಚಿಕಿತ್ಸೆಗೂ ನಡೆಯುವಂತೆ ರಾಜ್ಯ ಸರ್ಕಾರ ತನ್ನ ಹಣದಿಂದ ಏರ್ಪಾಡು ಮಾಡಬೇಕು. ಮೂರು: ವರ್ಷಕ್ಕೊಮ್ಮೆ ಪ್ರತಿ ಸರ್ಕಾರಿ ಶಾಲೆಯ ಮಕ್ಕಳ ಬಾಯಿ ಪರೀಕ್ಷೆ ನಡೆದು, ಹುಳುಕು ಕಂಡ ಮಗುವಿಗೆ ಚೀಟಿ ಬರೆದು ಕೈಬಿಡದೆ ಚಿಕಿತ್ಸೆ ಮುಗಿಸಿ ಕಳುಹಿಸಬೇಕು.

ಇವು ಬೇಡಿ ಕಾಯುವ ಮಾತುಗಳಾಗಬ��ರದು. ಮುಂದಿನ ಗ್ರಾಮಸಭೆಯಲ್ಲಿ ಓದುಗರು ಎದ್ದು ನಿಂತು ಈ ಮೂರು ಬೇಡಿಕೆಗಳನ್ನು ಠರಾವಿನ ರೂಪದಲ್ಲಿ ಮಂಡಿಸಿ, ನಡವಳಿಯ ಪುಸ್ತಕದಲ್ಲಿ ಬರೆಸಬೇಕು. ಅದರ ಪ್ರತಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ಶಾಸಕರಿಗೂ ಕಳುಹಿಸಬೇಕು. ಮತ ಕೇಳಲು ಬರುವವರು ನಗುನಗುತ್ತಲೇ ಬರುತ್ತಾರೆ. ಅವರ ಬಾಯಲ್ಲಿ ಹಲ್ಲು ಪೂರ್ತಿಯಾಗಿರುವುದನ್ನು ನೋಡಿ, ನಮ್ಮ ಹಲ್ಲಿಗೆ ನೀವೇನು ಮಾಡಿದಿರಿ ಎಂದು ಕೇಳುವ ಧೈರ್ಯವನ್ನು ಕೆರಗೋಡಿನ ಕೂಲಿಯವರು ಮೊದಲು ತೋರಲಿ. ಜಿಲ್ಲೆಯ ಉಳಿದವರು ಅವರ ಹಿಂದೆ ನಿಲ್ಲುವರು.